ಊರ ದಪ್ತರವೂ ಮನೆಯ ಮರ್ಮವೂ: ರೋಣ ಸೀಮೆಯ ಹೊಲಪತ್ರಗಳ ಇತಿಹಾಸ

ರಾಜ್ಯವೆಂಬದು ಬರವಣಿಗೆಯ ಮೇಲೆ ನಿಂತಿರುವದು. ಯಾರ ಹೊಲ ಎಷ್ಟು, ಅದರ ಮೇರೆ ಯಾವದು, ಅದರ ಕಂದಾಯವೆಷ್ಟು ಎಂಬದನ್ನು ಬರೆದಿಡದೆ ಯಾವ ಪ್ರಭುತ್ವವೂ ನಡೆಯಲಾರದು. ಬರೆದುದನ್ನು ಜನರ ಮುಂದಿಡದೆ ಯಾವ ಪ್ರಭುತ್ವವೂ ನ್ಯಾಯಸಮ್ಮತವೆನಿಸಲಾರದು. ಹಾಗೆಂದು ಬರೆದುದನ್ನೆಲ್ಲ ಸರ್ವರಿಗೂ ತೆರೆದಿಟ್ಟರೆ ಒಕ್ಕಲಿಗನ ಮನೆಗೆ ಕದವೇ ಇಲ್ಲದಂತಾಗುವದು. ಈ ಎರಡು ಧರ್ಮಗಳ ತಿಕ್ಕಾಟವು ಇಂದು ‘ಮುಕ್ತ ದತ್ತಾಂಶ’ ಮತ್ತು ‘ಖಾಸಗಿತನ’ ಎಂಬ ಹೊಸ ಹೆಸರುಗಳಿಂದ ದಿಲ್ಲಿಯ ಶಾಸನಸಭೆಯಲ್ಲಿಯೂ ಸರ್ವೋಚ್ಚ ನ್ಯಾಯಾಲಯದಲ್ಲಿಯೂ ಚರ್ಚೆಗೆ ಬಂದಿರುವದು. ಹೆಸರು ಹೊಸದಾದರೂ ಸಂಗತಿಯು ಹಳೆಯದು. ಅದರ ಹೆಜ್ಜೆಗಳನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಧಾರವಾಡ ಜಿಲ್ಲೆಯಲ್ಲಿದ್ದು ೧೯೯೭ರಿಂದ ಗದಗ ಜಿಲ್ಲೆಗೆ ಸೇರಿದ ರೋಣ, ನರಗುಂದ, ಗಜೇಂದ್ರಗಡಗಳ ಎರೆನೆಲದಲ್ಲಿಯೇ ಅವು ಕಲ್ಲು, ತಾಮ್ರ, ಕಾಗದ, ಗಣಕಯಂತ್ರಗಳ ಮೇಲೆ ಕ್ರಮವಾಗಿ ಮೂಡಿರುವವು.

೧

ಹಳೆಯ ರೋಣ ತಾಲೂಕಿನ ಸೂಡಿಯು ಚಾಲುಕ್ಯರ ಕಾಲದಲ್ಲಿ ಕಿಸುಕಾಡು ಎಪ್ಪತ್ತರ ಮುಖ್ಯಪಟ್ಟಣವಾಗಿದ್ದಿತು. ಹನ್ನೊಂದನೆಯ ಶತಮಾನದಲ್ಲಿ ಈ ನಾಡನ್ನು ಆಳಿದವಳು ಎರಡನೆಯ ಜಯಸಿಂಹನ ಸಹೋದರಿಯಾದ ಅಕ್ಕಾದೇವಿ. ಕದನದಲ್ಲಿ ಭೈರವಿಯೆಂದು ಹೊಗಳಿಸಿಕೊಂಡ ಈ ರಾಣಿಯು ಪಟ್ಟಣದ ಕಟ್ಟಳೆಗಳಲ್ಲಿಯೂ ಅಷ್ಟೇ ನಿಷ್ಠುರಳಾಗಿದ್ದಳು. ಸೂಡಿಯ ಎಂಟು ಸೆಟ್ಟಿಗಳಿಗೂ ಎಂಬತ್ತು ಒಕ್ಕಲುಗಳಿಗೂ ಸಲ್ಲುತ್ತಿದ್ದ ಮರ್ಯಾದೆಗಳನ್ನು ಆಕೆಯು ಪುನಃ ಸ್ಥಿರಗೊಳಿಸಿ ಶಾಸನ ಬರೆಯಿಸಿದಳು.

ಶಿಲಾಶಾಸನವು ಆ ಕಾಲದ ಬಯಲು ದಪ್ತರವೇ ಸರಿ. ಅದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಿರಲಿಲ್ಲ. ದೇವಾಲಯದ ಮುಂದೆ, ಕೆರೆಯ ಏರಿಯ ಮೇಲೆ, ಹಾಯುವವರೆಲ್ಲರ ಕಣ್ಣಿಗೆ ಬೀಳುವಂತೆ ನಿಲ್ಲಿಸುತ್ತಿದ್ದರು. ಓದುಬಾರದವನಿಗೂ ತಿಳಿಯಲೆಂದು ಮೇಲ್ಗಡೆ ಸೂರ್ಯಚಂದ್ರರನ್ನೂ ಲಿಂಗವನ್ನೂ ಹಸುಕರುಗಳನ್ನೂ ಕೆತ್ತುತ್ತಿದ್ದರು. ದಾನ ಕೊಟ್ಟವರು ಯಾರು, ಕೊಂಡವರು ಯಾರು, ಮತ್ತರು ಎಷ್ಟು, ಯಾವ ಗಳೆಯಿಂದ ಅಳೆದದ್ದು, ಮೂಡಣ ಮೇರೆ ಯಾವದು, ತೆಂಕಣ ಮೇರೆ ಯಾವದು, ಕಾಯತಕ್ಕವರು ಯಾರು, ಅಳಿಪಿದವನಿಗೆ ಬರುವ ಪಾಪವೇನು, ಇಷ್ಟೂ ಅದರಲ್ಲಿ ಇರುವದು. ಇದರಲ್ಲಿ ಇಲ್ಲದ್ದನ್ನೂ ವಾಚಕರು ಗಮನಿಸಬೇಕು. ಒಕ್ಕಲಿಗನ ಮನೆಯೊಳಗಿನ ಧಾನ್ಯವೆಷ್ಟು, ಅವನಿಗಿದ್ದ ಸಾಲವೆಷ್ಟು, ಮಗಳ ಮದುವೆಗೆ ಯಾರಲ್ಲಿ ಕೈಯೊಡ್ಡಿದ್ದನು ಎಂಬದನ್ನು ಕಲ್ಲಿನ ಮೇಲೆ ಯಾರೂ ಬರೆಯಲಿಲ್ಲ. ದಾನ, ತೆರಿಗೆ, ಮೇರೆ, ಅಧಿಕಾರ ಇವು ಲೋಕದ ಸಂಗತಿಗಳಾದ ಕಾರಣ ಕಲ್ಲಿಗೆ ಏರಿದವು. ಉಳಿದುದು ಮನೆಯಲ್ಲಿಯೇ ಉಳಿಯಿತು.

ಬಯಲಿನಲ್ಲಿ ನಿಲ್ಲಿಸಿದ ಶಾಸನಕ್ಕೆ ಇದ್ದ ಬೆಲೆಯು ಮುಚ್ಚಿಟ್ಟ ಶಾಸನಕ್ಕೆ ಬರಲಿಲ್ಲವೆಂಬದಕ್ಕೂ ಸೂಡಿಯೇ ಉದಾಹರಣೆಯಾಗಿರುವದು. ಗಂಗರ ಬೂತುಗನು ಶಕವರ್ಷ ೮೬೦ರಲ್ಲಿ, ಎಂದರೆ ಕ್ರಿ. ಶ. ೯೩೮ರಲ್ಲಿ, ತನ್ನ ರಾಣಿಯು ಸೂಡಿಯಲ್ಲಿ ಕಟ್ಟಿಸಿದ ಜಿನಾಲಯಕ್ಕೆ ಭೂಮಿ ಬಿಟ್ಟನೆಂದು ಹೇಳುವ ತಾಮ್ರಪಟಗಳು ಅಲ್ಲಿ ದೊರೆತಿರುವವು. ಅವನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರಕಟಿಸಿದ ಫ್ಲೀಟ್ ಸಾಹೇಬರು ಅಕ್ಷರಗಳನ್ನೂ ವಂಶಾವಳಿಯನ್ನೂ ಪರೀಕ್ಷಿಸಿ ಅದು ಕೂಟಶಾಸನವೆಂದು ನಿರ್ಣಯಿಸಿದರು. ಊರಿಗೆ ಊರೇ ನೋಡುವ ಕಲ್ಲಿನಲ್ಲಿ ಸುಳ್ಳನ್ನು ಕೆತ್ತುವದು ಕಷ್ಟ. ಪೆಟ್ಟಿಗೆಯೊಳಗಿನ ತಗಡಿನಲ್ಲಿ ಅದು ಸುಲಭ. ಪ್ರಕಟನೆಯು ಪತ್ರದ ಮೊದಲನೆಯ ರಕ್ಷೆಯೆಂಬ ಮಾತಿಗೆ ಇದಕ್ಕಿಂತ ಹತ್ತಿರದ ಸಾಕ್ಷಿಯು ಬೇಡ.

೨

ಪ್ರಾಚೀನ ಶಾಸ್ತ್ರಕಾರರು ಈ ವಿಷಯದ ಎರಡೂ ಮುಖಗಳನ್ನು ಕಂಡಿದ್ದರು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸಮಾಹರ್ತೃವಿನ ಕೈಕೆಳಗೆ ಗೋಪನೆಂಬ ಅಧಿಕಾರಿಯುಂಟು. ಇವನು ಐದು ಅಥವಾ ಹತ್ತು ಹಳ್ಳಿಗಳ ಲೆಕ್ಕವಿಡತಕ್ಕವನು. ಹೊಲ, ತೋಟ, ಕೆರೆ, ಕಾಡು, ಗುಡಿ, ದಾರಿ ಇವುಗಳ ಮೇರೆಗಳನ್ನಷ್ಟೇ ಅಲ್ಲ, ಮನೆಮನೆಯ ಜನರೆಷ್ಟು, ದನಗಳೆಷ್ಟು, ಅವರ ಕಸುಬೇನು, ಆಯವ್ಯಯವೆಷ್ಟು, ನಡತೆಯೆಂಥದು ಎಂಬದನ್ನು ಕೂಡ ಅವನು ಬರೆದುಕೊಳ್ಳಬೇಕು. ಇಷ್ಟಕ್ಕೂ ತೃಪ್ತಿಪಡದೆ, ಗೃಹಸ್ಥರ ವೇಷದ ಗೂಢಚಾರರನ್ನು ಹಳ್ಳಿಗಳಲ್ಲಿರಿಸಿ ಗೋಪನ ಲೆಕ್ಕವು ನಿಜವೋ ಸುಳ್ಳೋ ಎಂದು ತಾಳೆ ನೋಡಬೇಕೆಂದು ಕೌಟಿಲ್ಯನು ವಿಧಿಸುವನು. ಪ್ರಭುತ್ವಕ್ಕೆ ಪ್ರಜೆಯನ್ನು ಕುರಿತು ತಿಳಿಯುವ ಹಸಿವು ಎಷ್ಟೆಂಬದು ಇದರಿಂದ ಗೊತ್ತಾಗುವದು.

ಧರ್ಮಶಾಸ್ತ್ರದ ದೃಷ್ಟಿಯು ಬೇರೆ. ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರವೆಂಬ ಟೀಕೆಯನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವನು. ಸೂಡಿಯೂ ಅದೇ ಅರಸನ ಆಳ್ವಿಕೆಗೆ ಒಳಪಟ್ಟಿದ್ದಿತು. ಆ ಸ್ಮೃತಿಯ ಮೂರು ವಿಧಿಗಳು ಇಲ್ಲಿ ಮನನೀಯವಾಗಿರುವವು. ಮೊದಲನೆಯದು: ಭೂಮಿಯನ್ನು ಕೊಟ್ಟ ಅರಸನು ಮುಂದೆ ಬರುವ ಅರಸರಿಗೆ ತಿಳಿಯಲೆಂದು ಅಳತೆ, ಮೇರೆ, ಕಾಲ, ಮುದ್ರೆಗಳೊಡನೆ ಪತ್ರ ಮಾಡಿಸಬೇಕು. ಇದು ಪ್ರಕಟನೆಯ ವಿಧಿ. ಎರಡನೆಯದು: ಸಾಲವನ್ನು ಪೂರ್ತಿಯಾಗಿ ತೀರಿಸಿದ ಮೇಲೆ ಸಾಲಪತ್ರವನ್ನು ಹರಿದುಹಾಕಬೇಕು, ಇಲ್ಲವೆ ತೀರಿತೆಂಬ ಬೇರೆ ಪತ್ರವನ್ನು ಬರೆಯಿಸಬೇಕು. ಉದ್ದೇಶವು ಮುಗಿದ ಬಳಿಕ ಬರವಣಿಗೆಯು ಮನುಷ್ಯನ ಬೆನ್ನು ಹತ್ತಬಾರದೆಂಬದು ಇದರ ತಾತ್ಪರ್ಯ. ಮೂರನೆಯದು ಉಪನಿಧಿಯ ವಿಧಿ. ಒಳಗೇನಿದೆಯೆಂದು ಹೇಳದೆ ಮುದ್ರೆಯೊತ್ತಿ ಒಬ್ಬನ ಕೈಯಲ್ಲಿಟ್ಟ ಪೆಟ್ಟಿಗೆಯು ಉಪನಿಧಿ. ಅದನ್ನು ಇದ್ದ ಹಾಗೆಯೇ ಹಿಂದಿರುಗಿಸಬೇಕು. ಒಡೆಯನ ಅಪ್ಪಣೆಯಿಲ್ಲದೆ ಅದರಿಂದ ತನ್ನ ಜೀವನ ನಡೆಸಿದವನು ದಂಡಕ್ಕೆ ಅರ್ಹನು, ವೃದ್ಧಿಸಹಿತವಾಗಿ ಅದನ್ನು ತೆತ್ತುಕೊಡತಕ್ಕವನು. ಈ ಮೂರು ವಿಧಿಗಳನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಕಥೆಯನ್ನು ತೂಗುವದಕ್ಕೆ ತಕ್ಕಡಿಯು ಸಿಕ್ಕಂತೆಯೇ.

೩

ಪೇಶವಾಯಿಯು ೧೮೧೮ರಲ್ಲಿ ಮುಗಿದು ಈ ಸೀಮೆಯು ಕಂಪನಿ ಸರಕಾರದ ವಶವಾಯಿತು. ಆಗ ಪತ್ರವೇ ಆಯುಧವಾದ ಹೊಸ ಕಾಲವೊಂದು ಬಂದಿತು. ಇನಾಂ ಭೂಮಿಗಳ ಹಕ್ಕನ್ನು ಪರಿಶೋಧಿಸಲು ೧೮೫೨ರ ಹನ್ನೊಂದನೆಯ ಕಾಯಿದೆಯಿಂದ ಇನಾಂ ಕಮಿಶನ್ನಿಗೆ ಪೂರ್ಣಬಲ ದೊರೆಯಿತು. ಸನದು ತೋರಿಸು, ಇಲ್ಲವೆ ಭೂಮಿ ಬಿಡು ಎಂಬದು ಅದರ ಸಾರಾಂಶ. ತಲೆಮಾರುಗಳಿಂದ ಉಂಡುಬಂದ ಹೊಲಕ್ಕೆ ಪತ್ರವೆಲ್ಲಿಂದ ತರಬೇಕು? ದಂಡಿನಲ್ಲಿ ಸುಟ್ಟಿದ್ದೆಷ್ಟೋ, ಗೆದ್ದಲು ತಿಂದದ್ದೆಷ್ಟೋ.

ಇದಕ್ಕಿಂತ ಸೂಕ್ಷ್ಮವಾದ ಸಂಗತಿಯೊಂದುಂಟು. ಇನಾಮುದಾರರ ಹೇಳಿಕೆಗಳನ್ನು ತಾಳೆ ನೋಡಲು ಕಮಿಶನ್ನಿನವರು ಪುಣೆಯಲ್ಲಿದ್ದ ಪೇಶವೆಯರ ದಪ್ತರವನ್ನು ಬಳಸಿಕೊಂಡರು. ಆ ರುಮಾಲುಗಳಲ್ಲಿದ್ದ ಲೆಕ್ಕಗಳನ್ನು ಹಿಂದಿನ ಕಾರಕೂನರು ಬರೆದದ್ದು ತಮ್ಮ ಸರಕಾರದ ವಸೂಲಿಗಾಗಿ. ಅದೇ ಲೆಕ್ಕವು ಮತ್ತೊಂದು ಸರಕಾರದ ಕೈಗೆ ಹೋಗಿ ಬರೆಯಿಸಿದವರ ಮಕ್ಕಳ ಭೂಮಿಯನ್ನೇ ಕಸಿಯಲು ಸಾಧನವಾಯಿತು. ಒಂದು ಉದ್ದೇಶಕ್ಕೆ ಕೂಡಿಸಿದ ಮಾಹಿತಿಯು ಇನ್ನೊಂದು ಉದ್ದೇಶಕ್ಕೆ ತಿರುಗಿದರೆ ಏನಾಗುವದೆಂಬದನ್ನು ಈ ಸೀಮೆಯವರು ಗಣಕಯಂತ್ರವು ಹುಟ್ಟುವದಕ್ಕೆ ನೂರು ವರ್ಷ ಮೊದಲೇ ಅನುಭವಿಸಿದರು.

ನರಗುಂದದ ಬಾಬಾಸಾಹೇಬನೆಂದು ಪ್ರಸಿದ್ಧನಾದ ಭಾಸ್ಕರರಾವ ಭಾವೆಯ ಬಂಡಾಯಕ್ಕೆ ದತ್ತಕದ ನಿರಾಕರಣೆಯು ಮುಖ್ಯ ಕಾರಣವೆಂಬದು ಸರಿಯೇ. ಆದರೆ ಸುತ್ತಣ ದೇಸಾಯಿ ಇನಾಮುದಾರರ ಎದೆಯಲ್ಲಿ ಆಗಲೇ ಕುದಿಯುತ್ತಿದ್ದ ರೋಷಕ್ಕೆ ಈ ಪತ್ರಪರೀಕ್ಷೆಯು ಇಂಧನವಾಗಿದ್ದಿತು. ೧೮೫೮ರ ಮೇ ೨೯ರ ರಾತ್ರಿ ಸುರೇಬಾನದಲ್ಲಿ ಹತನಾದ ಪೊಲಿಟಿಕಲ್ ಏಜಂಟ ಮ್ಯಾನ್ಸನ್ನನು ಹಿಂದೆ ಇನಾಂ ತನಿಖೆಯ ಕೆಲಸದಲ್ಲಿಯೇ ಇದ್ದವನು. ಜೂನ್ ೧೨ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನಿಗೆ ಗಲ್ಲು ಆಯಿತು. ನರಗುಂದ ಸಂಸ್ಥಾನವು ಮುಟ್ಟುಗೋಲಾಯಿತು.

೪

ಇನಾಂ ಪರಿಶೋಧನೆಯು ದೊಡ್ಡವರ ಮನೆಯನ್ನು ಕಲಕಿದರೆ, ಮೋಜಣಿಯು ಸಾಮಾನ್ಯ ಒಕ್ಕಲಿಗನ ಬಾಗಿಲಿಗೆ ಬಂದಿತು. ೧೮೪೦ರ ದಶಕದಲ್ಲಿ ವಿಂಗೇಟನ ಮುಂದಾಳುತನದಲ್ಲಿ ದಕ್ಷಿಣ ಮಹಾರಾಷ್ಟ್ರವೆಂದು ಆಗ ಕರೆಯುತ್ತಿದ್ದ ಈ ನಾಡಿನ ಅಳತೆಯು ನಡೆಯಿತು. ಗೋಲ್ಡಸ್ಮಿಡ್, ವಿಂಗೇಟ್, ಡೇವಿಡಸನ್ ಎಂಬ ಮೂವರು ೧೮೪೭ರಲ್ಲಿ ಕೂಡಿ ಬರೆದ ವರದಿಯು ಮುಂಬಯಿ ಪದ್ಧತಿಗೆ ತಳಹದಿಯಾಯಿತು. ಪ್ರತಿಯೊಂದು ಹೊಲಕ್ಕೆ ನಂಬರು, ಪ್ರತಿಯೊಂದು ಮೂಲೆಗೆ ಕಲ್ಲು, ನೆಲದ ಗುಣವನ್ನು ನೋಡಿ ಆಕಾರ, ಮೂವತ್ತು ವರ್ಷಗಳ ವರೆಗೆ ಆ ದರದ ಭರವಸೆ. ನಾಲ್ವತ್ತು ಗುಂಟೆಗೊಂದು ಎಕರೆ, ಹದಿನಾರು ಆಣೆಗೊಂದು ಗುಂಟೆ ಎಂದು ಎರೆಹೊಲವೆಲ್ಲ ಕಾಗದದ ಮೇಲೆ ಇಳಿಯಿತು.

ಕಾಗದವು ಬಂದರೂ ಅದರ ಕೀಲಿಕೈಯು ಒಕ್ಕಲಿಗನಿಗೆ ಬರಲಿಲ್ಲ. ದಪ್ತರವು ಕುಲಕರ್ಣಿಯ ಮನೆಯಲ್ಲಿರುತ್ತಿದ್ದಿತು. ಬರವಣಿಗೆಯು ಬಹುಕಾಲ ಮೋಡಿಯಲ್ಲಿರುತ್ತಿದ್ದಿತು. ತನ್ನ ಹೊಲದ ಲೆಕ್ಕವನ್ನು ತಾನು ಓದಲಾರದ ಒಕ್ಕಲಿಗನಿಗೆ ಕುಲಕರ್ಣಿಯ ಬಾಯಿಯೇ ವೇದವಾಗಿದ್ದಿತು. ಅವರಲ್ಲಿ ನೀತಿವಂತರು ಅನೇಕರಿದ್ದರು. ಹಾಗಿದ್ದರೂ ಒಬ್ಬನಿಗೆ ತಿಳಿದು ಮತ್ತೊಬ್ಬನಿಗೆ ತಿಳಿಯದ ಪತ್ರವು ತಿಳಿದವನ ಕೈಯಲ್ಲಿ ಕೋಲಾಗುವದು ಸ್ವಭಾವವೇ ಆಗಿರುವದು. ಇದನ್ನು ಖಾಸಗಿತನವೆನ್ನಲಾಗದು. ಪತ್ರದ ಒಡೆಯನಿಂದಲೇ ಪತ್ರವನ್ನು ಮುಚ್ಚಿಡುವದು ಗೋಪ್ಯವಲ್ಲ, ಅದು ದಬ್ಬಾಳಿಕೆ.

ಈ ಕೊರತೆಯನ್ನು ತುಂಬಲು ೧೯೦೩ರಲ್ಲಿ ಮುಂಬಯಿ ಸರಕಾರವು ಹಕ್ಕುಪತ್ರದ ಕಾಯಿದೆಯನ್ನು ಮಾಡಿತು. ೧೯೧೩ರಲ್ಲಿ ಅದನ್ನು ೧೮೭೯ರ ಕಂದಾಯ ಕಾಯಿದೆಯೊಳಗೆ ಸೇರಿಸಲಾಯಿತು. ಹೊಲವು ಒಬ್ಬನಿಂದ ಒಬ್ಬನಿಗೆ ಹೋದಾಗ ಬರೆದ ಹೊಸ ನೋಂದನ್ನು ಚಾವಡಿಯಲ್ಲಿ ಅಂಟಿಸಬೇಕು, ಸಂಬಂಧಪಟ್ಟವರಿಗೆ ನೋಟೀಸು ಕೊಡಬೇಕು, ತಕರಾರು ಬಂದರೆ ಬೇರೆ ಪುಸ್ತಕದಲ್ಲಿ ಬರೆದು ವಿಚಾರಿಸಬೇಕು, ಆಮೇಲೆಯೇ ಅದು ಸತ್ಯವೆಂದು ಭಾವಿಸಲ್ಪಡಬೇಕು ಎಂದು ಗೊತ್ತುಮಾಡಲಾಯಿತು. ಸೂಡಿಯ ಕಲ್ಲಿನ ತತ್ತ್ವವೇ ಚಾವಡಿಯ ಗೋಡೆಯ ಮೇಲೆ ಮತ್ತೆ ಕಾಣಿಸಿಕೊಂಡಿತು. ಆದರೆ ಆ ಗೋಡೆಯನ್ನು ನೋಡುತ್ತಿದ್ದವರು ಆ ಊರಿನವರು. ಪರಸ್ಪರರ ಮೋರೆ ಬಲ್ಲವರ ನಡುವೆ ನಡೆದ ಪ್ರಕಟನೆಯದು.

ಬಲ್ಲವರ ನಡುವಣ ತಿಳಿವಳಿಕೆಯು ಎಷ್ಟು ಉಪಕಾರಿಯಾಗಬಲ್ಲದೆಂಬದಕ್ಕೆ ನೆರೆಯ ಕಣಗಿನಹಾಳವೇ ಸಾಕ್ಷಿ. ೧೯೦೪ರ ಕಾಯಿದೆಯ ಮೇರೆಗೆ ೧೯೦೫ರಲ್ಲಿ ಶ್ರೀ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಪ್ರಯತ್ನದಿಂದ ಅಲ್ಲಿ ಹುಟ್ಟಿದ ಕೃಷಿಪತ್ತಿನ ಸಹಕಾರಿ ಸಂಘವು ಭರತಖಂಡದ ಸಹಕಾರ ಚಳವಳಿಯ ಮೊದಲ ಮೊಳಕೆಯೆನಿಸಿರುವದು. ಇಂಥ ಸಂಘದಲ್ಲಿ ಒಬ್ಬನ ಸಾಲಕ್ಕೆ ಎಲ್ಲರೂ ಹೊಣೆಯಾದ ಕಾರಣ ಒಬ್ಬನ ಸಾಲವು ಎಲ್ಲರಿಗೂ ತಿಳಿದಿರಬೇಕಾಗಿದ್ದಿತು. ಆ ತಿಳಿವಳಿಕೆಯಿಂದ ಒಕ್ಕಲಿಗನು ಸಾವುಕಾರನ ಬಡ್ಡಿಯಿಂದ ಪಾರಾಗುವ ದಾರಿಯಾಯಿತು. ಅದೇ ಸಾಲದ ಸಂಗತಿಯು ಪರವೂರ ವ್ಯಾಪಾರಿಗೆ ತಿಳಿದರೆ ಹತ್ತಿಯ ಬೆಲೆಯನ್ನು ಇಳಿಸಿ ಕೇಳಲು ಅವನಿಗೆ ಧೈರ್ಯ ಬರುವದು. ಮಾಹಿತಿಯು ಒಂದೇ, ಹೊಣೆಯುಳ್ಳವನ ಕೈಯಲ್ಲಿ ಅದು ಅನ್ನ, ಹೊಣೆಯಿಲ್ಲದವನ ಕೈಯಲ್ಲಿ ಗಾಳ.

ಸ್ವಾತಂತ್ರ್ಯ ಬಂದ ಮರುವರ್ಷ ಆದ ೧೯೪೮ರ ಖಾನೇಸುಮಾರಿ ಕಾಯಿದೆಯು ಈ ಭೇದವನ್ನು ಅಚ್ಚುಕಟ್ಟಾಗಿ ಗುರುತಿಸಿತು. ಜನಗಣತಿಯವನು ಮನೆಮನೆಗೆ ಹೋಗಿ ಬರೆದುಕೊಂಡ ವಿವರಗಳನ್ನು ಯಾರೂ ತೆಗೆದು ನೋಡಕೂಡದು, ಅವನ್ನು ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿಯೂ ತರಕೂಡದು ಎಂದು ಅದರ ೧೫ನೆಯ ಕಲಮು ಹೇಳುವದು. ಊರಿನ ಒಟ್ಟು ಲೆಕ್ಕವು ಲೋಕಕ್ಕೆ, ಮನೆಯ ಬಿಡಿ ಲೆಕ್ಕವು ಮನೆಗೆ. ಕುಲಕರ್ಣಿ ವತನುಗಳೂ ೧೯೫೦ರ ಕಾಯಿದೆಯಿಂದ ರದ್ದಾಗಿ ದಪ್ತರವು ಸಂಬಳದ ತಲಾಠಿಯ ಕೈಗೆ ಬಂದಿತು.

೫

ಕರ್ನಾಟಕದ ೧೯೬೪ರ ಭೂಕಂದಾಯ ಕಾಯಿದೆಯಿಂದ ಹಕ್ಕು, ಗೇಣಿ, ಬೆಳೆ ಈ ಮೂರನ್ನೂ ಕೂಡಿಸಿದ ಪಹಣಿಯು ರೂಢಿಗೆ ಬಂದಿತು. ಈ ಭಾಗದ ಜನರು ಅದನ್ನು ಇನ್ನೂ ಉತಾರವೆಂದೇ ಕರೆಯುವರು. ಅದರ ೯ನೆಯ ಅಂಕಣದಲ್ಲಿ ಒಡೆಯನ ಹೆಸರು, ೧೧ರಲ್ಲಿ ಹೊಲದ ಮೇಲಣ ಸಾಲ ಮತ್ತು ಇತರ ಹಕ್ಕುಗಳು, ೧೨ರಲ್ಲಿ ಉಳುವವನ ಹೆಸರೂ ಬೆಳೆಯೂ ಇರುವವು. ೧೯೭೪ರ ಮಾರ್ಚ್ ೧ರಿಂದ ಜಾರಿಗೆ ಬಂದ ಭೂಸುಧಾರಣೆಯಲ್ಲಿ ಉಳುವವನೇ ಒಡೆಯನೆಂದಾದಾಗ, ಉಳುವವನ ಹೆಸರಿನ ಆ ಒಂದು ಸಾಲು ಎಷ್ಟೋ ಗೇಣಿದಾರರ ಪಾಲಿಗೆ ಜೀವನದ ಪ್ರಶ್ನೆಯಾಗಿ ನಿಂತಿತು.

ಇಸವಿ ೨೦೦೦ದ ಸುಮಾರಿಗೆ ‘ಭೂಮಿ’ ಎಂಬ ಯೋಜನೆಯು ಬಂದು ಸುಮಾರು ೬೭ ಲಕ್ಷ ರೈತರ ೨ ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಏರಿದವು. ಅದಕ್ಕೆ ಮುಂಚೆ ಸುಮಾರು ೯,೦೦೦ ಗ್ರಾಮಲೆಕ್ಕಿಗರ ಚೀಲಗಳಲ್ಲಿ ಚದರಿದ್ದ ದಪ್ತರವು ತಾಲೂಕು ಕಚೇರಿಯ ಕಿಟಕಿಯೊಂದಕ್ಕೆ ಬಂದು ಕುಳಿತಿತು. ಆರಂಭದಲ್ಲಿ ೧೫ ರೂಪಾಯಿ ಕೊಟ್ಟವನಿಗೆ ಉತಾರವು ಅಲ್ಲಿಯೇ ದೊರೆಯುತ್ತಿದ್ದಿತು. ಯಂತ್ರದ ಮೇಲೆ ಬರೆಯುವುದನ್ನು ರೈತನೂ ನೋಡಲೆಂದು ಅವನ ಕಡೆಗೆ ಮೋರೆ ಮಾಡಿದ ಇನ್ನೊಂದು ಪರದೆಯನ್ನಿರಿಸಿದ್ದರು. ನೋಂದು ಮಾಡುವ ಕಾರಕೂನನು ಬೆರಳಚ್ಚು ಕೊಟ್ಟೇ ಒಳಹೋಗಬೇಕಾಗಿದ್ದಿತು. ಉತಾರವೊಂದಕ್ಕಾಗಿ ಲೆಕ್ಕಿಗನ ಮನೆಗೆ ಹತ್ತು ಸಲ ಅಲೆದ ಹಳ್ಳಿಗನಿಗೆ ಇದು ಸಣ್ಣ ಬಿಡುಗಡೆಯಲ್ಲ. ದೇಶವಿದೇಶಗಳಲ್ಲಿ ಇದನ್ನು ಮಾದರಿಯೆಂದು ಕೊಂಡಾಡಿದರು.

ಕೆಲವು ವರ್ಷಗಳಲ್ಲಿಯೇ ಮರುಮಾತು ಕೇಳಿಬಂದಿತು. ಸಾಲಮನ್ ಬೆಂಜಮಿನ್ ಮೊದಲಾದ ಸಂಶೋಧಕರು ೨೦೦೭ರಲ್ಲಿ ಬರೆದ ಪ್ರಬಂಧದಲ್ಲಿ, ಪತ್ರಗಳು ಒಂದೆಡೆ ಕೂಡಿ ಸುಲಭವಾಗಿ ಸಿಗಲಾರಂಭಿಸಿದ ಮೇಲೆ ಬೆಂಗಳೂರಿನ ಸುತ್ತಣ ಭೂಮಿಯನ್ನು ದೊಡ್ಡ ಪ್ರಮಾಣದಲ್ಲಿ ಕೊಳ್ಳುವವರಿಗೆ ಅದು ಹೆಚ್ಚು ಅನುಕೂಲವಾಯಿತೆಂದು ವಾದಿಸಿದರು. ಮೈಕೆಲ್ ಗರ್‌ಸ್ಟೀನ್ ಎಂಬ ವಿದ್ವಾಂಸನು ೨೦೧೧ರಲ್ಲಿ ಇದೇ ಉದಾಹರಣೆಯನ್ನೆತ್ತಿ, ತೆರೆದಿಟ್ಟ ಮಾಹಿತಿಯನ್ನು ಬಳಸುವ ಶಕ್ತಿಯಿದ್ದವನಿಗೇ ಅದರ ಫಲವೆಂದು ಲೋಕದ ಮುಂದೆ ಇಟ್ಟನು. ಹೀಗೆ ಮುಕ್ತ ದತ್ತಾಂಶದ ಜಾಗತಿಕ ಚರ್ಚೆಯಲ್ಲಿ ಕನ್ನಡ ರೈತನ ಪಹಣಿಯೇ ಪೂರ್ವಪಕ್ಷವೂ ಸಿದ್ಧಾಂತವೂ ಆಯಿತು.

ಈಗ ಉತಾರವನ್ನು ನೋಡಲು ಕಚೇರಿಗೂ ಹೋಗಬೇಕಾಗಿಲ್ಲ. ಜಿಲ್ಲೆ, ತಾಲೂಕು, ಹಳ್ಳಿ, ಸರ್ವೆ ನಂಬರು ಇಷ್ಟನ್ನು ಹೇಳಿದರೆ ಯಾರ ಹೊಲದ ವಿವರವಾದರೂ ಯಾರ ಕೈಯ ಫೋನಿನಲ್ಲಾದರೂ ಮೂಡುವದು. ಒಡೆಯನ ಹೆಸರಿನೊಡನೆ ೧೧ನೆಯ ಅಂಕಣದ ಸಾಲವೂ ಮೂಡುವದು. ರೋಣದ ಒಕ್ಕಲಿಗನು ಯಾವ ಬ್ಯಾಂಕಿನಿಂದ ಎಷ್ಟು ತಂದಿರುವನೆಂಬದು ಅವನ ಬೀಗರಿಗೂ ಬೆಳೆ ಕೊಳ್ಳುವವನಿಗೂ ಹೊಲ ಕೊಳ್ಳಲು ಬಂದ ದಲ್ಲಾಳಿಗೂ ಸಮಾನವಾಗಿ ತಿಳಿಯಬಹುದು. ಹೊಲ ಕೊಳ್ಳುವವನಿಗೆ ಅದರ ಮೇಲಣ ಭಾರವು ತಿಳಿದಿರಬೇಕೆಂಬದು ನ್ಯಾಯ; ಇಲ್ಲದಿದ್ದರೆ ಮೋಸಕ್ಕೆ ಕೊನೆಯಿಲ್ಲ. ಆದರೆ ಕೊಳ್ಳದವನಿಗೂ ಅದೇಕೆ ತಿಳಿದಿರಬೇಕು? ಈ ಪ್ರಶ್ನೆಗೆ ಇಂದಿನ ಏರ್ಪಾಡಿನಲ್ಲಿ ಉತ್ತರವು ಕಾಣಿಸದು.

೬

ಪ್ರಕಟನೆಯ ಪರವಾದ ವಾದವು ಲಘುವಾದುದೆಂದು ಯಾರೂ ಭಾವಿಸಬಾರದು. ಕರ್ನಾಟಕವು ೨೦೦೦ದಲ್ಲಿಯೇ ತನ್ನದೊಂದು ಮಾಹಿತಿ ಹಕ್ಕಿನ ಕಾಯಿದೆಯನ್ನು ಮಾಡಿದ ನಾಡು. ೨೦೦೫ರಲ್ಲಿ ದೇಶಕ್ಕೆಲ್ಲ ಅಂಥ ಕಾಯಿದೆಯು ಬಂದಿತು. ಅದರ ೪ನೆಯ ಕಲಮು ಕೇಳುವದಕ್ಕೆ ಮೊದಲೇ ಸರಕಾರವು ತಾನಾಗಿ ತಿಳಿಸತಕ್ಕ ಸಂಗತಿಗಳನ್ನು ಹೇಳುವದು. ೨೦೧೨ರಲ್ಲಿ ಕೇಂದ್ರ ಸರಕಾರವು ದತ್ತಾಂಶ ಹಂಚಿಕೆಯ ನೀತಿಯನ್ನು ಸಾರಿ, ಸರಕಾರದ ಲೆಕ್ಕಗಳಿಗಾಗಿ ಮುಕ್ತ ತಾಣವೊಂದನ್ನು ತೆರೆಯಿತು. ಉದ್ಯೋಗ ಖಾತರಿಯ ಕೆಲಸಕ್ಕೆ ಹೋದ ಕೂಲಿಯವನ ಹೆಸರು, ದುಡಿದ ದಿನ, ಬಂದ ಹಣ ಇವು ಬಹಿರಂಗವಾಗಿರುವದರಿಂದಲೇ ಸತ್ತವರ ಹೆಸರಿನಲ್ಲಿ ಕೂಲಿ ತಿನ್ನುವವರನ್ನು ಗ್ರಾಮಸಭೆಯಲ್ಲಿ ಹಿಡಿಯಲು ಸಾಧ್ಯವಾಗುವದು. ಹಾಜರಿಪಟ್ಟಿಯನ್ನು ಮುಚ್ಚಿದರೆ ಕೂಲಿಯವನ ಮಾನವೇನೂ ಉಳಿಯುವದಿಲ್ಲ. ಕಳ್ಳನ ಮಾನವು ಉಳಿಯುವದು.

ಆದರೆ ತೆರೆಯುವ ಉತ್ಸಾಹದಲ್ಲಿ ತೆರೆಯಬಾರದ್ದೂ ತೆರೆದುಹೋಯಿತು. ಬೆಂಗಳೂರಿನ ‘ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿ’ ಎಂಬ ಸಂಸ್ಥೆಯು ೨೦೧೭ರ ಮೇ ತಿಂಗಳಲ್ಲಿ ಪ್ರಕಟಿಸಿದ ವರದಿಯಲ್ಲಿ, ಪಿಂಚಣಿ, ಉದ್ಯೋಗ ಖಾತರಿ ಮೊದಲಾದವುಗಳಿಗೆ ಸಂಬಂಧಿಸಿದ ನಾಲ್ಕು ಸರಕಾರಿ ತಾಣಗಳಿಂದ ಸುಮಾರು ೧೩ ಕೋಟಿ ಆಧಾರ್ ಸಂಖ್ಯೆಗಳೂ ಸುಮಾರು ೧೦ ಕೋಟಿ ಬ್ಯಾಂಕ್ ಖಾತೆಗಳ ಸಂಖ್ಯೆಗಳೂ ಹೊರಬಿದ್ದಿರಬಹುದೆಂದು ಅಂದಾಜು ಮಾಡಲಾಗಿದ್ದಿತು. ಕೂಲಿ ಸಂದಿತೋ ಇಲ್ಲವೋ ಎಂದು ತಿಳಿಯಲು ಹೆಸರೂ ದಿನವೂ ಮೊತ್ತವೂ ಸಾಕು. ಖಾತೆಯ ಸಂಖ್ಯೆಯು ಯಾರಿಗೂ ಬೇಕಿರಲಿಲ್ಲ.

೨೦೨೩ರಲ್ಲಿ ಕರ್ನಾಟಕದಲ್ಲಿಯೇ ಇನ್ನೊಂದು ಪಾಠವಾಯಿತು. ನೋಂದಾಯಿತ ಕ್ರಯಪತ್ರಗಳ ಪ್ರತಿಗಳಲ್ಲಿದ್ದ ಹೆಬ್ಬೆಟ್ಟಿನ ಗುರುತುಗಳನ್ನು ಕಳ್ಳರು ತೆಗೆದುಕೊಂಡು, ಅವುಗಳ ಅಚ್ಚಿನಿಂದ ಆಧಾರ್ ಮೂಲಕ ಜನರ ಖಾತೆಗಳಿಂದ ಹಣವೆತ್ತಿದ ಪ್ರಕರಣಗಳು ವರದಿಯಾದವು. ಬಳಿಕ ಪತ್ರಗಳ ಪ್ರತಿಗಳಲ್ಲಿ ಹೆಬ್ಬೆಟ್ಟನ್ನು ಮರೆಮಾಡುವ ಏರ್ಪಾಡು ಆಯಿತು. ಸಹಿ ಬಾರದವನು ಸತ್ಯಕ್ಕೆ ಸಾಕ್ಷಿಯಾಗಿ ಒತ್ತಿದ ಗುರುತೇ ಅವನ ಮನೆಗೆ ಕನ್ನ ಕೊರೆಯುವ ಹಾರೆಯಾದದ್ದು ಎಂಥ ವಿಪರ್ಯಾಸ! ಪೇಶವೆಯರ ರುಮಾಲುಗಳಿಗೆ ಆದದ್ದೇ ಇಲ್ಲಿಯೂ ಆಯಿತು. ಒಂದು ಕಾರ್ಯಕ್ಕೆ ಕೊಟ್ಟದ್ದು ಇನ್ನೊಂದಕ್ಕೆ ತಿರುಗಿತು.

ಈ ನಡುವೆ ನ್ಯಾಯದ ದೃಷ್ಟಿಯೂ ಬೆಳೆಯಿತು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ವಯಸ್ಸಿನಲ್ಲಿ, ೨೦೧೨ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ಆ ವ್ಯಾಜ್ಯದಲ್ಲಿ ೨೦೧೭ರ ಆಗಸ್ಟ್ ೨೪ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಸಂವಿಧಾನದತ್ತವಾದ ಮೂಲಭೂತ ಹಕ್ಕೆಂದು ಏಕಮತದಿಂದ ಸಾರಿತು. ಕಾಯಿದೆಯ ಆಧಾರ, ಯೋಗ್ಯವಾದ ಉದ್ದೇಶ, ಉದ್ದೇಶಕ್ಕೆ ತಕ್ಕಷ್ಟೇ ಪ್ರಮಾಣ ಇವಿಲ್ಲದೆ ಪ್ರಭುತ್ವವು ಪ್ರಜೆಯ ಮನೆಯೊಳಗೆ ಇಣಿಕಲಾಗದೆಂಬದು ಆ ತೀರ್ಪಿನ ಸಾರ. ಪುಟ್ಟಸ್ವಾಮಿಯವರು ೨೦೨೪ರಲ್ಲಿ ತಮ್ಮ ೯೮ನೆಯ ವಯಸ್ಸಿನಲ್ಲಿ ದಿವಂಗತರಾದರು. ನ್ಯಾಯಮೂರ್ತಿ ಬಿ. ಎನ್. ಶ್ರೀಕೃಷ್ಣರ ಸಮಿತಿಯು ೨೦೧೮ರಲ್ಲಿ ವರದಿಯೊಪ್ಪಿಸಿತು. ೨೦೨೩ರ ಆಗಸ್ಟಿನಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆಯಾಯಿತು. ೨೦೨೫ರ ನವಂಬರದಲ್ಲಿ ಅದರ ನಿಯಮಗಳು ಹೊರಟವು. ಮುಖ್ಯವಾದ ಹೊಣೆಗಳ ಜಾರಿಗೆ ಅಲ್ಲಿಂದ ಹದಿನೆಂಟು ತಿಂಗಳ ಅವಧಿಯನ್ನು ಗೊತ್ತುಮಾಡಲಾಯಿತು.

ಈ ಕಾಯಿದೆಯು ಮಾಹಿತಿಯನ್ನು ಕೂಡಿಸುವವನನ್ನು ನಂಬಿಕೆಯ ಮೇಲೆ ಇಟ್ಟುಕೊಂಡವನೆಂದು ಕರೆಯುವದು. ಹೇಳಿದ ಉದ್ದೇಶಕ್ಕೆ ಮಾತ್ರ ಬಳಸಬೇಕು, ಉದ್ದೇಶ ತೀರಿದ ಮೇಲೆ ಅಳಿಸಬೇಕು, ಜೋಪಾನ ಮಾಡಬೇಕು, ಕಳುವಾದರೆ ಒಡೆಯನಿಗೆ ತಿಳಿಸಬೇಕು ಎಂದು ವಿಧಿಸುವದು. ವಿಜ್ಞಾನೇಶ್ವರನನ್ನು ಓದಿದವರಿಗೆ ಇದು ಉಪನಿಧಿಯೂ ಹರಿದುಹಾಕಿದ ಸಾಲಪತ್ರವೂ ಕೂಡಿ ಬಂದಂತೆ ಕಾಣುವದು. ಭೇದವೊಂದುಂಟು. ಕಳ್ಳರು ಒಯ್ದ ಉಪನಿಧಿಗೆ ಇಟ್ಟುಕೊಂಡವನನ್ನು ಸ್ಮೃತಿಯು ಹೊಣೆ ಮಾಡುವದಿಲ್ಲ; ಹೊಸ ಕಾಯಿದೆಯಾದರೋ ಕಾವಲಿನಲ್ಲಿ ಅಜಾಗರೂಕನಾದವನಿಗೆ ೨೫೦ ಕೋಟಿ ರೂಪಾಯಿಗಳ ವರೆಗೆ ದಂಡ ಹೇಳುವದು.

ಆದರೆ 'ಉತಾರದ ೧೧ನೆಯ ಅಂಕಣಕ್ಕೆ ಇದರಿಂದ ಏನಾಯಿತು?' ಎಂದು ಕೇಳಿದರೆ ಉತ್ತರವು ಸಮಾಧಾನಕರವಲ್ಲ. ಕಾಯಿದೆಯ ಬಲದಿಂದ ಬಹಿರಂಗಪಡಿಸಬೇಕಾದ ಮಾಹಿತಿಗೆ ಈ ರಕ್ಷಣೆಯು ಅನ್ವಯಿಸದೆಂದು ಅದರ ೩ನೆಯ ಕಲಮಿನಲ್ಲಿಯೇ ಹೇಳಿರುವದು. ಇನ್ನೊಂದು ಕಡೆ, ಇದೇ ಕಾಯಿದೆಯ ೪೪ನೆಯ ಕಲಮು ಮಾಹಿತಿ ಹಕ್ಕಿನ ಕಾಯಿದೆಯನ್ನು ತಿದ್ದಿತು. ಸಾರ್ವಜನಿಕ ಕೆಲಸಕ್ಕೆ ಸಂಬಂಧಿಸದ ಖಾಸಗಿ ಸಂಗತಿಗೆ ಮಾತ್ರ ಮೊದಲು ವಿನಾಯಿತಿಯಿದ್ದಿತು. ಈಗ ವೈಯಕ್ತಿಕವೆನ್ನಿಸುವ ಸಂಗತಿಗೆಲ್ಲ ಅದು ದೊರೆಯಿತು. ಸಾರ್ವಜನಿಕ ಹಿತವು ಮೇಲಾದಲ್ಲಿ ಕೊಡಬಹುದೆಂಬ ಬೇರೆ ಉಪವಿಧಿಯು ಉಳಿದಿರುವದು ನಿಜ. ಆದರೂ ಒಕ್ಕಲಿಗನ ಸಾಲವು ಬಯಲಾಗಿಯೇ ಉಳಿದು, ಅಧಿಕಾರಿಯ ನಡತೆಯು ಖಾಸಗಿಯ ಹೆಸರಿನಿಂದ ಮರೆಯಾದರೆ, ಎರಡು ಧರ್ಮಗಳೂ ತಲೆಕೆಳಗಾದಂತೆಯೇ.

೭

ಪ್ರಕಟನೆಯೂ ಖಾಸಗಿತನವೂ ಹುಟ್ಟುವೈರಿಗಳೆಂದು ತಿಳಿಯಬೇಕಾದ ಕಾರಣವಿಲ್ಲ. ಸರಕಾರಿ ಕಾಗದಪತ್ರಗಳನ್ನು ನೋಡುವ ಹಕ್ಕನ್ನು ೧೭೬೬ರಲ್ಲಿಯೇ ಪ್ರಜೆಗಳಿಗೆ ಕೊಟ್ಟ ಮೊದಲ ದೇಶ ಸ್ವೀಡನ್. ದೇಶಮಟ್ಟದ ದತ್ತಾಂಶ ರಕ್ಷಣೆಯ ಕಾಯಿದೆಯನ್ನು ೧೯೭೩ರಲ್ಲಿ ಮಾಡಿದ ಮೊದಲ ದೇಶವೂ ಅದೇ. ಬಾಗಿಲನ್ನು ಎಲ್ಲರಿಗಿಂತ ಮೊದಲು ತೆರೆದವರೇ ಎಲ್ಲರಿಗಿಂತ ಮೊದಲು ಅದಕ್ಕೆ ಅಗುಳಿಯನ್ನೂ ಮಾಡಿದರು.

ರೋಣ ಸೀಮೆಯ ಸಾವಿರ ವರ್ಷಗಳ ಪತ್ರಗಳನ್ನು ಒಟ್ಟಿಗೆ ನೋಡಿದರೆ ಇಂಥದೇ ವಿವೇಕವು ದೊರೆಯುವದು. ಅಧಿಕಾರವು ಮಾಡಿದ ಕೆಲಸವೆಲ್ಲ ಸೂಡಿಯ ಕಲ್ಲಿನಂತೆ ಬಯಲಿನಲ್ಲಿರತಕ್ಕದ್ದು. ತನ್ನ ಪತ್ರವನ್ನು ತಾನು ನೋಡುವ ಹಕ್ಕಿಗೆ ಯಾವ ಕುಲಕರ್ಣಿಯೂ ಯಾವ ಯಂತ್ರವೂ ಅಡ್ಡ ಬರತಕ್ಕದ್ದಲ್ಲ. ಮೇರೆ ಮತ್ತು ಒಡೆತನಗಳು ಊರಿಗೆ ತಿಳಿದಿರತಕ್ಕವು. ಸಾಲ, ಖಾತೆ, ಹೆಬ್ಬೆಟ್ಟುಗಳಾದರೋ ಕಾರಣವನ್ನು ಹೇಳಿ ಕೇಳಿದವನಿಗೆ ಮಾತ್ರ, ಕೇಳಿದನೆಂಬ ನೋಂದನ್ನು ಇಟ್ಟುಕೊಂಡು, ತಿಳಿಸತಕ್ಕವು. ತನ್ನ ಉತಾರವನ್ನು ಯಾರು ಯಾವಾಗ ನೋಡಿದರೆಂಬದು ಒಡೆಯನಿಗೂ ಗೊತ್ತಾಗಬೇಕು. ಒಂದು ಹೊಲದ ಪತ್ರವನ್ನು ಒಬ್ಬನು ನೋಡುವದು ಬೇರೆ, ತಾಲೂಕಿನ ಪತ್ರಗಳನ್ನೆಲ್ಲ ಒಬ್ಬನೇ ಬಾಚಿಕೊಳ್ಳುವದು ಬೇರೆ ಎಂಬ ಭೇದವನ್ನೂ ನಿಯಮವು ಬಲ್ಲದ್ದಾಗಿರಬೇಕು.

ಈ ಮಾತು ದೂರದ್ದಲ್ಲ. ೨೦೨೪ರಿಂದ ಪಹಣಿಗಳನ್ನು ಆಧಾರಿಗೆ ಜೋಡಿಸುವ ಕಾರ್ಯವು ಕರ್ನಾಟಕದಲ್ಲಿ ನಡೆಯಿತು; ಅದೇ ವರ್ಷ ‘ಭೂ ಸುರಕ್ಷಾ’ ಎಂಬ ಹೆಸರಿನಿಂದ ತಾಲೂಕು ಕಚೇರಿಗಳ ಹಳೆಯ ದಪ್ತರಗಳ ಪ್ರತಿಬಿಂಬವನ್ನು ಯಂತ್ರಕ್ಕೆ ಏರಿಸುವ ಕೆಲಸವೂ ಆರಂಭವಾಯಿತು. ಗೆದ್ದಲಿನಿಂದಲೂ ಕೂಟಪತ್ರದಿಂದಲೂ ಅವು ಉಳಿಯುವವೆಂಬದು ಸಂತೋಷದ ಸಂಗತಿ. ಆದರೆ ಅಜ್ಜನ ಭೋಗ್ಯಪತ್ರವೂ ಮುತ್ತಜ್ಜಿಯ ಹಕ್ಕುಬಿಡುಗಡೆಯೂ ವಾಟ್ನಿಯ ಜಗಳಗಳೂ ಅವುಗಳೊಡನೆ ಎದ್ದು ಬರುವವು. ಅವುಗಳಲ್ಲಿ ಯಾವದು ಊರಿನದು, ಯಾವದು ಮನೆಯದು ಎಂಬ ನಿರ್ಣಯವನ್ನು ಯಂತ್ರವು ಮಾಡಲಾರದು. ತಾಲೂಕಿನ ವಿದ್ಯಾವಂತರೂ ಗ್ರಾಮಸಭೆಗಳೂ ಈಗಲೇ ಅದನ್ನು ವಿಚಾರಿಸಿ ಸರಕಾರಕ್ಕೆ ಬರೆದು ತಿಳಿಸುವದು ಒಳಿತು.